ಒಂದೇ ಕೈ ನಡುಗಿದ್ರೆ ಲಿಥಿಯಂ ಬಿಟ್ಬಿಡ್ಬೇಕಾ?

ಪ್ರಶ್ನೆ: ನಮ್ಮಣ್ಣಂಗೆ 52 ವರ್ಷ. ಬೈಪೋಲಾರ್‌ಗೆ (ಮೂಡ್ ವಿಪರೀತ ಏರಿಳಿಯೋ ಕಾಯಿಲೆ) ಬಹಳ ವರ್ಷದಿಂದ ಲಿಥಿಯಂ, ರಿಸ್ಪೆರಿಡೋನ್ ತಗೊಳ್ತಿದಾರೆ. ಈಚೆಗೆ ಬಲಗೈ ನಡುಗತ್ತೆ, ನಡೆಯೋವಾಗ ಆ ಕೈ ಬೀಸಲ್ಲ. ಮಾತ್ರೆಯಿಂದ ಎಡಗಡೆ ಮೆದುಳು ಸತ್ತೋಗಿದೆ, ಮಾತ್ರೆ ಬಿಟ್ಟು ಉಪ್ಪಿಲ್ಲದ ಪಥ್ಯ ಮಾಡಿ ಅಂತ ಒಬ್ರು ಹೇಳಿದಾರೆ. ಏನ್ಮಾಡೋದು?

ಉತ್ತರ: ಮಾತ್ರೆ ಬಿಡಿಸ್ಬೇಡಿ, ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರ್ತಾನೇ ಇರತ್ತೆ, ಅಷ್ಟರಲ್ಲಿ ಎಷ್ಟೋ ಮನೇಲಿ ಮಾತ್ರೆ ಡಬ್ಬ ಆಗ್ಲೇ ಕಸದಬುಟ್ಟಿ ಸೇರಿರತ್ತೆ. ಲಿಥಿಯಂ ದಿಢೀರ್ ನಿಲ್ಲಿಸಿದ್ರೆ ಮೇನಿಯಾ (ಮೂಡ್ ವಿಪರೀತ ಏರೋ ಹಂತ) ವಾಪಸ್ ಬರ್ಬೋದು, ಆತ್ಮಹತ್ಯೆ ಅಪಾಯಾನೂ ಏರತ್ತೆ. ಉಪ್ಪು ಬಿಟ್ರೆ ಕಿಡ್ನಿ ಲಿಥಿಯಂನ ಹೊರಗೆ ಹಾಕದೆ ಹಿಡ್ಕೊಳ್ಳತ್ತೆ, ರಕ್ತದಲ್ಲಿ ಅದು ವಿಷದ ಮಟ್ಟಕ್ಕೆ ಹೋಗ್ಬೋದು, ಹೀಗೆ ಹೇಳೋರನ್ನ ವೈದ್ಯರು ಅಂತ ಕರೀಬೇಡಿ. ಮಂಡಿನೋವಿಗೆ ಅಂಗಡೀಲಿ ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೇಳಿ ತಗೊಂಡ್ರೂ ಇದೇ ಕಥೆ.

ಈಗ ನಡುಕ. ಲಿಥಿಯಂ ನಡುಕ ಸಾಮಾನ್ಯವಾಗಿ ಎರಡೂ ಕೈಯಲ್ಲಿರತ್ತೆ, ಸಣ್ಣಗೆ, ಕಾಫಿ ಲೋಟ ಎತ್ತಿದಾಗ ಕಾಣತ್ತೆ. ನಿಮ್ಮಣ್ಣನ ಕೈ ತೊಡೆ ಮೇಲೆ ಸುಮ್ನೆ ಇಟ್ಟಾಗ ನಡುಗತ್ತಾ, ಹೆಬ್ಬೆರಳು ತೋರ್ಬೆರಳು ಉಜ್ಜಿದ ಹಾಗೆ ಆಡತ್ತಾ, ಸಹಿ ಸಣ್ಣದಾಗ್ತಿದ್ಯಾ, ಬಲಗಾಲು ಎಳೀತಾರಾ, ನೋಡಿ. ನಡೆಯೋದನ್ನ ಹಿಂದಿನಿಂದ ವಿಡಿಯೋ ಮಾಡ್ಕೊಂಡು ತನ್ನಿ, ರೂಮಲ್ಲಿ ನಾಲ್ಕು ಹೆಜ್ಜೆ ನಡೆಸಿದ್ರೆ ನಮಗೆ ಕಾಣದ್ದು ಅದರಲ್ಲಿ ಸಿಗತ್ತೆ. ರಿಸ್ಪೆರಿಡೋನ್ ಡೋಪಮಿನ್ (ಕೈಕಾಲು ಸರಾಗ ಆಡಿಸೋಕೆ ಬೇಕಾದ ಮೆದುಳಿನ ರಾಸಾಯನಿಕ) ತಡೆಯೋದ್ರಿಂದ ಪಾರ್ಕಿನ್ಸನ್ ಥರದ ಬಿಗಿತ ಬರತ್ತೆ, ಹೆಚ್ಚಾಗಿ ಎರಡೂ ಕಡೆ, ಆದ್ರೆ ಕೆಲವರಲ್ಲಿ ಒಂದೇ ಕಡೆ ಜಾಸ್ತಿ. ನಿಜವಾದ ಪಾರ್ಕಿನ್ಸನ್ ಸಾಮಾನ್ಯವಾಗಿ ಒಂದು ಕಡೆಯಿಂದಲೇ ಶುರು, ಬೈಪೋಲಾರ್ ಇರೋರಲ್ಲಿ ಮುಂದೆ ಅದು ಬರೋ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ ಅಂತಲೂ ಗೊತ್ತಿದೆ. ಅದಕ್ಕೇ ಒಂದೇ ಕಡೆ ಅಂದ್ರೆ ನಾನು ‘ಸೈಡ್ ಎಫೆಕ್ಟ್ ಬಿಡಿ’ ಅಂತ ಕಳಿಸಲ್ಲ, ನ್ಯೂರಾಲಜಿಸ್ಟ್‌ಗೆ ತೋರಿಸ್ತೀನಿ. ಡೌಟ್ ಉಳಿದ್ರೆ ಡ್ಯಾಟ್ ಸ್ಕ್ಯಾನ್ (ಮೆದುಳಿನ ಡೋಪಮಿನ್ ನರಗಳ ಸ್ಥಿತಿ ತೋರಿಸೋದು) ಇದೆ, ಬರೀ ಮಾತ್ರೆಯಿಂದ ಬಂದಿದ್ರೆ ಅದು ಸಾಮಾನ್ಯವಾಗಿ ನಾರ್ಮಲ್. ಅದಕ್ಕೂ ಮುಂಚೆ ಲಿಥಿಯಂ ಲೆವೆಲ್, ಹಿಂದಿನ ಡೋಸ್ ಆಗಿ 12 ಗಂಟೆಗೆ ರಕ್ತ ಕೊಡ್ಬೇಕು, ಜೊತೆಗೆ ಕ್ರಿಯಾಟಿನಿನ್ (ಕಿಡ್ನಿ ಟೆಸ್ಟ್), ಥೈರಾಯ್ಡ್. ಡೋಸ್ ಇಳಿಸೋದು, ಮಾತ್ರೆ ಬದಲಿಸೋದು ನಿಮ್ಮ ಸೈಕಿಯಾಟ್ರಿಸ್ಟ್ ಕೆಲಸ.

ಕೈ ಜೋರಾಗಿ ನಡುಗಿ ಮಾತು ತೊದಲಿ ವಾಂತಿ ಭೇದಿ ಶುರುವಾದ್ರೆ ಲಿಥಿಯಂ ವಿಷದ ಮಟ್ಟಕ್ಕೆ ಹೋಗಿರ್ಬೋದು, ಆಗ ಮಾತ್ರ ಮುಂದಿನ ಡೋಸ್ ಕೊಡದೆ ಅವತ್ತೇ ಎಮರ್ಜೆನ್ಸಿಗೆ ಹೋಗಿ. ಒಂದು ಕಡೆ ಕೈಕಾಲು ದಿಢೀರ್ ಸೋತ್ರೆ ಅದು ಸ್ಟ್ರೋಕ್ ಇರ್ಬೋದು, ಹೆಪ್ಪು ಕರಗಿಸೋ ಇಂಜೆಕ್ಷನ್‌ಗೆ 4.5 ಗಂಟೆ ಟೈಮ್ ಅಷ್ಟೇ.

ಪ್ರಶ್ನೆ: ಎಡಗೈಲಿ ಬರೆಸಿದ್ರೆ ಬಲ ಮೆದುಳು ಆಕ್ಟಿವ್ ಆಗಿ ಮೂಡ್ ಬ್ಯಾಲೆನ್ಸ್ ಆಗತ್ತಂತೆ?

ಉತ್ತರ: ಆಗಲ್ಲ, ಆ ಕೋರ್ಸಿಗೆ ದುಡ್ಡು ಕಟ್ಬೇಡಿ.

ಪ್ರಶ್ನೆ: ಎಂಆರ್‌ಐ ಮಾಡಿಸಿದ್ರೆ ಬೈಪೋಲಾರ್ ಇದ್ಯೋ ಇಲ್ವೋ ಗೊತ್ತಾಗತ್ತಾ?

ಉತ್ತರ: ಇಲ್ಲ. ಐವತ್ತು ದಾಟಿದ ಮೇಲೆ ಮೊದಲ ಸಲ ಮೇನಿಯಾ ಬಂದ್ರೆ ಮಾತ್ರ ಸ್ಕ್ಯಾನ್ ನಾನೇ ಬರೀತೀನಿ, ಬಲ ಮೆದುಳಲ್ಲಿ ಸ್ಟ್ರೋಕ್, ಗೆಡ್ಡೆ ಇದ್ರೂ ಹಾಗಾಗತ್ತೆ.