50 ಕಿ.ಮೀ. ಓಟಕ್ಕ ಹೆಂಗ ರೆಡಿ ಆಗ್ಲಿ?

ಪ್ರಶ್ನೆ: ನಾ ಕಲಬುರಗಿಯಾಂವ ಸರ್. ಒಂದು ಫುಲ್ ಮ್ಯಾರಥಾನ್ ಮುಗಿಸೀನಿ, ಈಗ 50 ಕಿ.ಮೀ. ಅಲ್ಟ್ರಾಕ್ಕ ಹೆಸರು ಕೊಟ್ಟೀನಿ. ನಮ್ಮ ಬಿಸಿಲಾಗ ತಯಾರಿ ಹೆಂಗ ಮಾಡ್ಲಿ?

ಉತ್ತರ: ಫುಲ್ ಮ್ಯಾರಥಾನ್‌ದು 42.195 ಕಿ.ಮೀ., ಅದನ್ನ ದಾಟಿದ್ರ ಎಲ್ಲಾ ಅಲ್ಟ್ರಾನೇ ಅದ, ನಿಮಗ ಉಳಿದಿದ್ದು ಎಂಟು ಕಿ.ಮೀ.ನೂ ಪೂರಾ ಇಲ್ಲ ಖರೆ, ಆದ್ರ ಕಾಡೋದು ಅದೇ. ಸ್ಪೀಡ್ ಬಿಡ್ರಿ, ಮಾತಾಡ್ಕೋತ ಓಡೋವಷ್ಟು ನಿಧಾನ ಇರ್ರಿ, ಸುಸ್ತಾದ ಮ್ಯಾಲ ಅಲ್ಲ ಮೊದಲಿಂದನೇ 25 ನಿಮಿಷ ಓಡಿ 5 ನಿಮಿಷ ನಡೀರಿ. ಶನಿವಾರ ಉದ್ದ ಓಟ ಇಟ್ಕೊಂಡು ರವಿವಾರ ಅದೇ ದಣಿದ ಕಾಲ್ಲೆ ಮತ್ತ ಸ್ವಲ್ಪ ಓಡ್ರಿ, ಇದು ಭಾಳ ಕೆಲಸಕ್ಕ ಬರ್ತದ.

ಬ್ಯಾಸಗಿಯಾಗ ನಮ್ಮ ಕಡಿ 40 ಡಿಗ್ರಿ ದಾಟ್ತದ, ಹಂಗಾಗಿ ನಸುಕಿನ್ಯಾಗ ಅಪ್ಪನ ಕೆರೆ ಕಡಿ ಹೋಗಿ ಬಿಸಿಲೇರೋದ್ರಾಗ ಮುಗಿಸ್ರಿ. ಬರೀ ನೀರು ಹೊಟ್ಟಿ ತುಂಬ ಕುಡಿಬ್ಯಾಡ್ರಿ, ರಕ್ತದಾಗ ಸೋಡಿಯಂ ಇಳಿದು ತಲಿನೋವು, ವಾಂತಿ, ಫಿಟ್ಸ್ ತನಕಾ ಹೋಗಬಹುದು. ಓಆರ್‌ಎಸ್ ಪುಡಿ ಪ್ಯಾಕೆಟ್ ಮ್ಯಾಲ ಬರೆದಷ್ಟೇ ನೀರಾಗ ಕಲಸಿ, ಬಾಯಾರಿದಾಗ ಗುಟುಕು ಗುಟುಕು ತಗೋರಿ. ಬಾಳೆಹಣ್ಣು, ಶೇಂಗಾ ಚಿಕ್ಕಿ ಏನ್ ತಿಂತೀರಿ ಅದನ್ನ ಪ್ರಾಕ್ಟೀಸ್‌ನ್ಯಾಗೇ ತಿಂದು ನೋಡ್ರಿ. ಮತ್ತ ಕಾಲುನೋವಿಗಂತ ಓಡ್ತಾ ಪೇನ್‌ಕಿಲ್ಲರ್ ನುಂಗಬ್ಯಾಡ್ರಿ, ಕಿಡ್ನಿಗೆ ಪೆಟ್ಟು ಬೀಳ್ತದ, ಇದೊಂದು ನನ್ನ ಮಾತು ಕೇಳ್ರಿ.