ಕೀ ತಿರುಗಿಸಿದರೆ ಬರೀ ಟಿಕ್ ಟಿಕ್: ಓದುಗರ ಕಾರು ಪ್ರಶ್ನೆಗಳಿಗೆ ಉತ್ತರ

ಪ್ರ: ನಮ್ಮದು ಐದು ವರ್ಷದ ಪೆಟ್ರೋಲ್ ಕಾರು. ಮೂರು ನಾಲ್ಕು ದಿನ ನಿಲ್ಲಿಸಿದರೆ ಸ್ಟಾರ್ಟ್ ಆಗಲ್ಲ, ಟಿಕ್ ಟಿಕ್ ಅಂತ ಸದ್ದು ಮಾತ್ರ. ಸ್ಟಾರ್ಟರ್ ಮೋಟಾರ್ ಬದಲಿಸಬೇಕು ಅಂತಾರೆ ಮೆಕ್ಯಾನಿಕ್. ಬದಲಿಸಲಾ ಸಾರ್?

ಉ: ಸ್ವಲ್ಪ ತಡೀರಿ. ಟಿಕ್ ಟಿಕ್ ಅಂತ ಬೇಗ ಬೇಗ ಸದ್ದು ಬಂದರೆ ಸಾಮಾನ್ಯವಾಗಿ ಕರೆಂಟ್ ಸಾಲುತ್ತಿಲ್ಲ ಅಂತ ಅರ್ಥ. ಒಂದೇ ಸಲ ಜೋರಾಗಿ ‘ಟಕ್’ ಅಂದು ಸುಮ್ಮನಾದರೆ, ಹೆಡ್‌ಲೈಟೂ ಚೆನ್ನಾಗಿಯೇ ಉರಿಯುತ್ತಿದ್ದರೆ, ಆಗ ಎಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಸ್ಟಾರ್ಟರ್ ಮೇಲೆ ಅನುಮಾನ ಪಡಿ.

ಮೊದಲು ಬಾನೆಟ್ ಎತ್ತಿ ಬ್ಯಾಟರಿ ಟರ್ಮಿನಲ್ ನೋಡಿ. ಬಿಳಿ ಅಥವಾ ಹಸಿರು ಪುಡಿ ಕೂತಿದೆಯಾ? ಕ್ಲಾಂಪ್ ಕೈಯಲ್ಲಿ ಅಲ್ಲಾಡಿಸಿದರೆ ತಿರುಗುತ್ತಾ? ಹಾಗಿದ್ದರೆ ಅರ್ಧ ಕೆಲಸ ಅಲ್ಲೇ ಮುಗಿಯಬಹುದು. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಇದು ಸುಮ್ನೆ ಹೇಳುವ ಮಾತಲ್ಲ, ಮೈನಸ್ ಇನ್ನೂ ಜೋಡಿಸಿದ್ದಾಗ ಪ್ಲಸ್ ಬಿಚ್ಚುವ ಸ್ಪ್ಯಾನರ್ ಬಾಡಿಗೆ ತಗುಲಿದರೆ ಶಾರ್ಟ್ ಆಗಿ ಕಿಡಿ ಹಾರುತ್ತದೆ. ಅಡುಗೆ ಸೋಡಾ ಬೆರೆಸಿದ ನೀರು, ಹಳೇ ಟೂತ್‌ಬ್ರಷ್ ಸಾಕು, ತೊಳೆದು ಒರೆಸಿ ಬಿಗಿ ಮಾಡಿ. ಆ ಪುಡಿ ಕೈಗೆ, ಕಣ್ಣಿಗೆ ತಾಗದಿರಲಿ.

ಆಮೇಲೆ ವೋಲ್ಟ್ ಅಳೆಯುವ ಮಲ್ಟಿಮೀಟರ್ ಅನ್ನು ಬ್ಯಾಟರಿಗೆ ಹಿಡಿದು ನೋಡಿ. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ವೋಲ್ಟ್ ಆಸುಪಾಸು ಇದ್ದರೆ ಚಾರ್ಜ್ ಪೂರ್ತಿ ಇದೆ, 12.2 ಅಂದರೆ ಅರ್ಧದಷ್ಟು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ಬರಬೇಕು, ಬರದಿದ್ದರೆ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಭಾಗ) ಚಾರ್ಜ್ ಮಾಡುತ್ತಿಲ್ಲ, ಹೊಸ ಬ್ಯಾಟರಿ ಹಾಕಿದರೂ ಅದೇ ಗತಿ. ಎಲ್ಲ ಸರಿ ಇದ್ದೂ ನಿಲ್ಲಿಸಿದಾಗ ಚಾರ್ಜ್ ಇಳಿಯುತ್ತಿದ್ದರೆ, ಸುಮ್ಮನೆ ಕರೆಂಟ್ ಎಳೆಯುವ ಡ್ಯಾಶ್‌ಕ್ಯಾಮ್, ಆರದ ಡಿಕ್ಕಿ ಲೈಟ್, ಆಮೇಲೆ ಹಾಕಿಸಿದ ಮ್ಯೂಸಿಕ್ ಸಿಸ್ಟಮ್, ಇವುಗಳನ್ನು ಹುಡುಕಿ. ಇನ್ನು ಬ್ಯಾಟರಿಯೂ ಕಾರಿನಷ್ಟೇ, ಐದು ವರ್ಷ ಹಳೆಯದೇ ಆಗಿದ್ದರೆ ಅದರ ಆಯಸ್ಸೂ ಮುಗಿದಿರಬಹುದು, ಅದರಲ್ಲೂ ದಿನಾ ಹತ್ತು ನಿಮಿಷ ಮಾತ್ರ ಓಡಿಸುವವರಾದರೆ. ಸ್ಟಾರ್ಟರ್ ಸರದಿ ಇಷ್ಟೆಲ್ಲ ಆದ ಮೇಲೆ.

ಪ್ರ: ಹೈವೇಯಲ್ಲಿ ಏನೂ ತೊಂದರೆ ಇಲ್ಲ, ಟ್ರಾಫಿಕ್‌ನಲ್ಲಿ ನಿಂತರೆ ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಯಾಕೆ?

ಉ: ಓಡುವಾಗ ಗಾಳಿಯೇ ರೇಡಿಯೇಟರ್ ತಣ್ಣಗಾಗಿಸುತ್ತದೆ, ನಿಂತಾಗ ಆ ಕೆಲಸ ಫ್ಯಾನ್‌ನದ್ದು. ಹಾಗಾಗಿ ಮೊದಲ ಅನುಮಾನ ಫ್ಯಾನ್ ಮೇಲೆ. ಎಂಜಿನ್ ಓಡುತ್ತಿರುವಾಗ ಎಸಿ ಹಾಕಿ ನೋಡಿ, ಹೆಚ್ಚಿನ ಕಾರುಗಳಲ್ಲಿ ಫ್ಯಾನ್ ತಿರುಗಬೇಕು. ಇಲ್ಲ ಅಂದರೆ ಫ್ಯೂಸ್, ರಿಲೇ (ಫ್ಯಾನ್‌ಗೆ ಕರೆಂಟ್ ಬಿಡುವ ಸ್ವಿಚ್), ಆಮೇಲೆ ಫ್ಯಾನ್ ಮೋಟಾರ್ ನೋಡಿಸಿ. ಕೈ ಮಾತ್ರ ದೂರ ಇರಲಿ, ಕೆಲವು ಕಾರಲ್ಲಿ ಎಂಜಿನ್ ನಿಂತ ಮೇಲೂ ಅದು ದಿಢೀರ್ ಅಂತ ತಿರುಗುತ್ತದೆ.

ಮುಳ್ಳು ಕೆಂಪಿನ ಕಡೆ ಹೋಗುತ್ತಿದ್ದರೆ ಎಸಿ ಆಫ್, ಹೀಟರ್ ಫುಲ್. ಒಳಗೆ ಬೇಯುತ್ತೀರಿ ನಿಜ, ಆದರೆ ಎಂಜಿನ್ ಶಾಖ ಅಷ್ಟು ಹೊರಗೆ ಬರುತ್ತದೆ. ಪಕ್ಕಕ್ಕೆ ಹಾಕಿ ಎಂಜಿನ್ ನಿಲ್ಲಿಸಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಲೇಬೇಡಿ. ಒಳಗಿನ ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ) ಒತ್ತಡದಲ್ಲಿ 100 ಡಿಗ್ರಿ ದಾಟಿಯೂ ಕುದಿಯದೆ ಕೂತಿರುತ್ತದೆ, ಮುಚ್ಚಳ ಸಡಿಲಿಸಿದ ಕ್ಷಣ ಉಕ್ಕಿ ಮುಖಕ್ಕೆ ಹಾರುತ್ತದೆ. ಪೂರ್ತಿ ತಣ್ಣಗಾದ ಮೇಲೆ ಟ್ಯಾಂಕಿನ ಎರಡು ಗೆರೆಗಳ ನಡುವೆ ಕೂಲಂಟ್ ಇದೆಯಾ ನೋಡಿ.

ಪ್ರ: ಬ್ರೇಕ್ ಆಯಿಲ್ ಸ್ವಲ್ಪ ಸ್ವಲ್ಪ ಕಡಿಮೆ ಆಗುತ್ತಿದೆ. ತುಂಬಿಸಿದರೆ ಆಯ್ತು ಅಲ್ವಾ?

ಉ: ಆಗಲ್ಲ. ಬ್ರೇಕ್ ಪ್ಯಾಡ್ (ಚಕ್ರದ ಡಿಸ್ಕನ್ನು ಒತ್ತಿ ಹಿಡಿಯುವ ತುಂಡು) ಸವೆದಷ್ಟೂ ಅದನ್ನು ತಳ್ಳುವ ಪಿಸ್ಟನ್ ಮುಂದೆ ಬರುತ್ತದೆ, ಆ ಜಾಗಕ್ಕೆ ಆಯಿಲ್ ಇಳಿಯುತ್ತದೆ. ಅಂದರೆ ಮಟ್ಟ ನಿಧಾನವಾಗಿ ಇಳಿದರೆ ಪ್ಯಾಡ್ ನೋಡಿಸಿ, 3 ಮಿಲಿಮೀಟರ್ ಹತ್ತಿರ ಬಂದಿದ್ದರೆ ಬದಲಿಸಿ. ದಿಢೀರ್ ಅಂತ ಇಳಿದರೆ, ಪೆಡಲ್ ಮೆತ್ತಗಾಗಿದ್ದರೆ ಲೀಕ್ ಇರಬಹುದು, ಕಾರು ತೆಗೆಯಬೇಡಿ, ಮೆಕ್ಯಾನಿಕ್‌ನನ್ನೇ ಕರೆಸಿ.

ಪ್ರ: ಟಯರ್ ಮೇಲೆ ಬರೆದಿರುವಷ್ಟೇ ಗಾಳಿ ಹಾಕಿಸಬೇಕಾ?

ಉ: ಬೇಡ, ಅದು ಟಯರ್ ತಡೆಯುವ ಗರಿಷ್ಠ ಒತ್ತಡ. ನಿಮಗೆ ಬೇಕಾದ ಸಂಖ್ಯೆ ಡ್ರೈವರ್ ಬಾಗಿಲು ತೆಗೆದರೆ ಕಾಣುವ ಬಾಗಿಲ ಚೌಕಟ್ಟಿನ ಸ್ಟಿಕರ್‌ನಲ್ಲಿ ಸಾಮಾನ್ಯವಾಗಿ ಇರುತ್ತದೆ. ಟಯರ್ ತಣ್ಣಗಿದ್ದಾಗ ಹಾಕಿಸಿ. ಸ್ಟೆಪ್ನಿಗೂ.

ಪ್ರ: ಎಸಿ ಹಾಕಿದರೆ ಕಾರಿನ ಕೆಳಗೆ ನೀರು ತೊಟ್ಟಿಕ್ಕುತ್ತದೆ.

ಉ: ಬಣ್ಣ, ವಾಸನೆ, ಜಿಡ್ಡು ಇಲ್ಲದಿದ್ದರೆ ಅದು ಎಸಿ ನೀರೇ, ಬಿಡಿ. ಅದು ಹೊರಗೆ ಬೀಳದೆ ಒಳಗೆ ಕಾಲಡಿಯ ಮ್ಯಾಟ್ ಒದ್ದೆಯಾದರೆ ಮಾತ್ರ ಡ್ರೈನ್ ಪೈಪ್ ಕಟ್ಟಿಕೊಂಡಿದೆಯಾ ಅಂತ ನೋಡಿಸಿ.