ನಿಮ್ಮ ಲೇಖನದಲ್ಲಿ ನೀರೇ ಇಲ್ಲ

ನಮಸ್ಕಾರ,

ಕಡಲ ತಳದ ಜ್ವಾಲಾಮುಖಿಗಳ ನಡುವೆ ಹುಟ್ಟುವ ಸಲ್ಫೈಡ್ ಅದಿರಿನ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಹಾಕಲು ಆಗುವುದಿಲ್ಲ. ಬಿಟ್ಟುಬಿಡಿ ಅಂತಲೂ ಹೇಳಲಾರೆ.

'ಲಾವಾದ ಜೊತೆ ತಾಮ್ರ, ಸತು ಉಕ್ಕಿ ಬಂದು ಗಟ್ಟಿಯಾದವು' ಎಂದು ಶುರು ಮಾಡಿದ್ದೀರಿ. ತಪ್ಪಾಗಿರುವುದು ಇಲ್ಲೇ. ಈ ಕತೆಯಲ್ಲಿ ಓಡಾಡುವುದು ನೀರು. ಸಮುದ್ರದ ನೀರು ಬಿರುಕುಗಳಲ್ಲಿ ಕೆಳಗಿಳಿಯುತ್ತದೆ. ಆಳದಲ್ಲಿರುವ ಶಿಲಾಪಾಕ, ಅಂದರೆ ಕರಗಿದ ಕಲ್ಲು, ಒಲೆಯ ಕೆಲಸ ಮಾಡುತ್ತದೆ. ಕಾದು ಆಮ್ಲವಾದ ನೀರು ಸುತ್ತಲಿನ ಕಲ್ಲಿನಿಂದ ಲೋಹ ಕರಗಿಸಿಕೊಳ್ಳುತ್ತದೆ. ಕರಗಿದ ಲೋಹವನ್ನು ಹೊತ್ತು ತರುವುದರಲ್ಲಿ ಉಪ್ಪುನೀರಿನ ಕ್ಲೋರೈಡ್‌ನದೇ ದೊಡ್ಡ ಪಾಲು. (ಶಿಲಾಪಾಕ ನೇರವಾಗಿ ಎಷ್ಟು ಲೋಹ ಕೊಡುತ್ತದೆ ಎಂಬ ಚರ್ಚೆ ಇದೆ. ಅದಕ್ಕೆ ಒಂದು ಸಾಲು ಸಾಕು.) ಸುಮಾರು 350 ಡಿಗ್ರಿಯ ಆ ನೀರು ಮೇಲೆದ್ದು, 2 ಡಿಗ್ರಿಯ ತಣ್ಣನೆ ಕಡಲಿಗೆ ಸೇರಿದ ಕೂಡಲೇ ಲೋಹಗಳು ಗಂಧಕದ ಜೊತೆ ಸೇರಿ ಸಲ್ಫೈಡ್ ಆಗಿ ಉದುರುತ್ತವೆ.

ನಾಲ್ಕನೇ ಪುಟದಲ್ಲಿ ಒಂದೇ ಸಾಲಿಗೆ ಮುಗಿಸಿದ 'ಕಪ್ಪು ಹೊಗೆ' ಇದೇ ತಾನೆ? ಅದು ಹೊಗೆಯಲ್ಲ, ಸಲ್ಫೈಡಿನ ನುಣ್ಣನೆ ಪುಡಿ. 1979ರಲ್ಲಿ ಆಲ್ವಿನ್ ಎಂಬ ಮುಳುಗುನೌಕೆಯಲ್ಲಿ ಪೆಸಿಫಿಕ್ ತಳಕ್ಕೆ ಇಳಿದವರು ಇದರ ಬಿಸಿ ಅಳೆಯಲು ಚಾಚಿದ ಕಡ್ಡಿಯ ಪ್ಲಾಸ್ಟಿಕ್ಕೇ ಕರಗಿತ್ತು. ಲೇಖನ ಅಲ್ಲಿಂದ ಶುರುವಾಗಬೇಕಿತ್ತು, ಅಲ್ವಾ?

'ತಾಮ್ರ ಕೆಳಗೆ, ಸತು ಮೇಲೆ' ಎಂದಿರಿ, ಸರಿ. ಯಾಕೆ ಹಾಗೆ? ಮೊದಲು ಕಡಿಮೆ ಬಿಸಿಯಲ್ಲಿ ಸತು, ಸೀಸ ಕೂರುತ್ತವೆ. ಆಮೇಲೆ ಇನ್ನೂ ಜಾಸ್ತಿ ಬಿಸಿಯಾದ ನೀರು ಕೆಳಗಿನಿಂದ ನುಗ್ಗಿ ಅವನ್ನು ಕರಗಿಸಿ ಮೇಲಕ್ಕೆ, ಅಂಚಿಗೆ ತಳ್ಳುತ್ತದೆ. ಖಾಲಿಯಾದ ಜಾಗದಲ್ಲಿ ತಾಮ್ರದ ಸಲ್ಫೈಡ್ ಅದಿರಾದ ಚಾಲ್ಕೋಪೈರೈಟ್ ಕೂರುತ್ತದೆ. ಓದುಗರಿಗೆ ಬೇಕಾದದ್ದು ಈ ನೂಕಾಟ.

ಸೋಡಿಯಂ ಪ್ಯಾರಾ ಮುಟ್ಟಬೇಡಿ. ಬಿಸಿನೀರು ಹಾದ ಕಲ್ಲಿನಲ್ಲಿ ಫೆಲ್ಡ್‌ಸ್ಪಾರ್ ಎಂಬ ಖನಿಜ ಹಾಳಾಗಿ, ಅದರ ಸೋಡಿಯಂ ತೊಳೆದುಹೋಗಿ, ಕ್ಲೋರೈಟ್, ಸೆರಿಸೈಟ್ ಎಂಬ ಬೇರೆ ಖನಿಜಗಳು ಬರುವುದು, ಅದನ್ನೇ ಜಾಡು ಹಿಡಿದು ಅದಿರು ಹುಡುಕುವುದು: ಎಲ್ಲ ನಿಮ್ಮದೇ ಮಾತಿನಲ್ಲಿ ಬಂದಿದೆ. ಅಸೂಯೆಯಾಯಿತು.

ಗಣಿಗಳ ಪಟ್ಟಿ ಸುಮ್ನೆ ಭಾರ. ಕೆನಡಾದ ಕಿಡ್ ಕ್ರೀಕ್ ಒಂದನ್ನೇ ಇಟ್ಟುಕೊಳ್ಳಿ. ಅಲ್ಲಿನ ಅದಿರಿಗೆ ಸುಮಾರು 270 ಕೋಟಿ ವರ್ಷ, ಅಲ್ಲೂ ಇದೇ ನೀರಿನ ಓಟ.

ಸದ್ಯಕ್ಕೆ ಮೊದಲ ಪುಟವನ್ನಷ್ಟೇ ತಿದ್ದಿ ಕಳಿಸಿ. ಉಳಿದದ್ದು ಆಮೇಲೆ ಮಾತಾಡೋಣ.

ಇಂತಿ,
ಸಂಪಾದಕ